ಬೀಗ ಬಿದ್ದ ಕನ್ನಡ ಟೈಪ್‌ರೈಟರು

ಹಳೆಯ ಯಂತ್ರ ಕೊಂಡವನ ಮನೆಗೆ ಯಂತ್ರದ ಜೊತೆ ಹಿಂದಿನವರ ಅಭ್ಯಾಸಗಳೂ ಬರುತ್ತವೆ. ಹೊಳಲ್ಕೆರೆಯಲ್ಲಿ ಟೈಪಿಂಗ್ ಶಾಲೆ ನಡೆಸುವ ನನಗೆ ಇಂಥವು ಆಗಾಗ ಗಂಟು ಬೀಳುತ್ತಲೇ ಇರುತ್ತವೆ. ಆದರೆ ಎಪ್ಪತ್ತರ ದಶಕದಲ್ಲಿ ಕೊಂಡ ಒಂದು ಕನ್ನಡ ಟೈಪ್‌ರೈಟರು ನನ್ನನ್ನು ಒಂದು ಕಡೆ ಕೂರಲು ಬಿಡಲಿಲ್ಲ.

ಕಚೇರಿಗಳಿಗೆ ಕನ್ನಡ ಬರುತ್ತಿದ್ದ ಕಾಲ. ನನ್ನಲ್ಲಿದ್ದವೆಲ್ಲ ಇಂಗ್ಲಿಷ್ ಯಂತ್ರಗಳು. ಗಂಡ ತೀರಿಕೊಂಡ ಮೇಲೆ ಹಂಗಾಮಿ ಕೆಲಸಕ್ಕೆ ಸೇರಿದ್ದ ಒಬ್ಬ ಹೆಣ್ಣುಮಗಳು ನನ್ನಲ್ಲಿ ಕಲಿಯುತ್ತಿದ್ದರು. ಕನ್ನಡ ಟೈಪಿಂಗ್ ಪರೀಕ್ಷೆ ಪಾಸಾದರೆ ಕೆಲಸ ಖಾಯಂ, ಇಲ್ಲದಿದ್ದರೆ ಮನೆಗೆ. ಪರೀಕ್ಷೆಗೆ ಯಂತ್ರವನ್ನೂ ನಾವೇ ಹೊತ್ತೊಯ್ಯಬೇಕು. ಯಂತ್ರ ಸಿಗುವವರೆಗೆ ಇರಲೆಂದು ರಟ್ಟಿನ ಮೇಲೆ ಕೀಲಿಮಣೆ ಬರೆದುಕೊಟ್ಟಿದ್ದೆ. ಆಕೆ ಅದರ ಮೇಲೆ ಟಪಟಪ ಬೆರಳಾಡಿಸಿ, "ಒಂದೂ ತಪ್ಪಿಲ್ಲ ನೋಡ್ರಿ ಸಾರ್" ಎನ್ನುತ್ತಿದ್ದರು.

೧. ಹಿರಿಯೂರಿನಲ್ಲಿ

ಹಿರಿಯೂರಿನಲ್ಲಿ ಮುಚ್ಚಿಹೋದ ಹತ್ತಿ ಮಿಲ್ಲೊಂದರಲ್ಲಿ ಕನ್ನಡ ಯಂತ್ರ ಇದೆಯೆಂದು ತಿಳಿದು ಹೋದೆ. ಮಿಲ್ಲಿನ ಮೇಸ್ತ್ರಿ ಗೋಣಿಚೀಲ ಸರಿಸಿ ತೋರಿಸಿದ. ಕೀಲಿ ಒತ್ತಿದರೆ ಒಂದೂ ಏಳಲಿಲ್ಲ. ಕಾಗದ ಹಿಡಿದು ಸರಿಯಬೇಕಾದ ಕ್ಯಾರೇಜು ಅಲ್ಲಾಡಲಿಲ್ಲ.

"ಕೆಟ್ಟಿದೆಯೇನಪ್ಪ?"

"ಎಲ್ಲಾದ್ರೂ ಉಂಟಾ ಸಾಮಿ. ಬೀಗ ಬಿದ್ದೈತೆ, ಅಷ್ಟೇ. ಟೈಪು ಮಾಡ್ತಿದ್ದೋರು ಹಂಗೇ ಹೇಳಿ ಕೆಲಸ ಬಿಟ್ಟು ಹೋದ್ರು."

"ಬೀಗ ಎಲ್ಲಿದೆ?"

"ನಾವೂ ಹುಡುಕಿದ್ವಿ, ಸಿಗ್ಲಿಲ್ಲ. ಆದ್ರೆ ಒಂದು ಮಾತು. ಅವತ್ತಿಂದ ಯಾರ ಕೈಲೂ ಒಂದಕ್ಷರ ಹೊಡೆಯಾಕಾಗಿಲ್ಲ. ಅದಕ್ಕೇ ಹೊಸದಿದ್ದಂಗೈತೆ."

ಪರೀಕ್ಷೆ ಹತ್ತಿರ ಬಂದಿತ್ತು. ಬೇರೆ ಯಂತ್ರ ಇರಲಿಲ್ಲ. ಕೊಂಡೆ.

೨. ಬಸ್ಸಿನಲ್ಲಿ

ಬಟ್ಟೆ ಸುತ್ತಿದ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಐಮಂಗಲದಲ್ಲಿ ಕುರಿ ಸಾಕುವ, ಕಂಬಳಿ ಹೊದ್ದ ಅಜ್ಜನೊಬ್ಬ ಹತ್ತಿ ಪಕ್ಕಕ್ಕೆ ಕೂತ. ಸ್ವಲ್ಪ ಹೊತ್ತು ಗಂಟನ್ನೇ ನೋಡಿದ.

"ಹಾರ್ಮೋನಿಯಂ ಏನ್ರಿ?"

ಅಲ್ಲವೆಂದರೆ ಉದ್ದಕ್ಕೆ ವಿವರಿಸಬೇಕು. ನನಗೆ ಮಾತು ಕಡಿಮೆ. ಹೂಂ ಎಂದೆ.

"ಒಂದು ಪದ ಆಗ್ಲಿ ಮತ್ತೆ."

"ಕೆಟ್ಟಿದೆ ಅಜ್ಜ, ಕೀಲಿ ಏಳೋದಿಲ್ಲ."

ಅಜ್ಜ ಹಿಂದೆ ತಿರುಗಿ ಬಸ್ಸಿಗೆಲ್ಲ ಕೇಳುವಂತೆ ಹೇಳಿದ: "ಪೆಟ್ಟಿಗೆ ಕೆಟ್ಟೈತಂತೆ. ಬರೇ ಬಾಯಾಗೆ ಹಾಡ್ತಾರಂತೆ, ಗಲಾಟೆ ಮಾಡಬ್ಯಾಡ್ರಿ."

ಚಿತ್ರದುರ್ಗ ಬರುವವರೆಗೆ ನಾನು ನಿದ್ದೆ ಬಂದವನಂತೆ ಕಣ್ಣು ಮುಚ್ಚಿಕೊಂಡಿದ್ದೆ.

೩. ಬೀಗ ತೆಗೆದದ್ದು

ಹೊಲಿಗೆ ಯಂತ್ರ ರಿಪೇರಿ ಮಾಡುವವನೊಬ್ಬನನ್ನು ಹೊಸದುರ್ಗದಿಂದ ಕರೆಸಿದೆ. ಅವನು ಕೆಲಸ ಮಾಡುವಷ್ಟು ಹೊತ್ತೂ ನಾನು ಜಗಲಿಯ ಮೇಲೆ ಅತ್ತಿಂದಿತ್ತ ಓಡಾಡುತ್ತಿದ್ದೆ.

"ಕುಂತ್ಕಳ್ರಿ ಸಾಮಿ, ಹೆರಿಗೆ ಮನೆ ಮುಂದೆ ಓಡಾಡಿದಂಗೆ ಓಡಾಡ್ತೀರಲ್ಲ" ಎಂದ. ಆಮೇಲೆ ತಳದ ತಗಡು ಬಿಚ್ಚಿ, "ಬರ್ರಿ ಇಲ್ಲಿ" ಎಂದು ಕರೆದ.

ಒಳಗೆ ಕುಂಕುಮ, ವಿಭೂತಿ, ಅಕ್ಷತೆ, ಒಣಗಿದ ಚೆಂಡು ಹೂವು. ಮಿಲ್ಲಿನವರು ಪ್ರತಿ ಆಯುಧಪೂಜೆಗೂ ಯಂತ್ರದ ಮೇಲೆಯೇ ಕಾಯಿ ಒಡೆದಿದ್ದರು. ಕಾಯಿನೀರು, ವಿಭೂತಿ ಸೇರಿ ಗಾರೆಯಾಗಿ ಕೀಲಿಗಳನ್ನೆಲ್ಲ ಹಿಡಿದಿತ್ತು.

"ಇದು ಬೀಗ ಅಲ್ಲ ಸಾಮಿ, ಪ್ರಸಾದ."

ಸೀಮೆಎಣ್ಣೆಯಲ್ಲಿ ತೊಳೆದು, ಎಣ್ಣೆ ಬಿಟ್ಟು ಕೂರಿಸಿದ. ಕ್ಯಾರೇಜು ಸರ್ರನೆ ಓಡಿತು. ಅವನು ಕೈ ಒರೆಸಿಕೊಂಡು ಹೇಳಿದ: "ಎಲ್ಲ ಸರಿಹೋತು. ಈಗ ಒಂದು ಕಾಯಿ ತರಸ್ರಿ, ಇದರ ಮೇಲೆ ಒಡೆದು ಸುರು ಮಾಡಾಣ."

ನಾನು ಯಂತ್ರ ಎತ್ತಿಕೊಂಡು ಒಳಗೆ ಹೋದೆ.

೪. ಸೋಮಾರಿ ಕೀಲಿಗಳು

ಮರುದಿನ ಆ ಹೆಣ್ಣುಮಗಳು ಬಂದು ಮೊದಲ ಸಾಲು ಹೊಡೆದರು. ಒತ್ತಕ್ಷರಗಳೆಲ್ಲ ಅಕ್ಷರದ ಅಡಿಗೆ ಕೂರದೆ ಪಕ್ಕದಲ್ಲಿ ನಿಂತಿದ್ದವು. ಕನ್ನಡ ಯಂತ್ರದಲ್ಲಿ ಒತ್ತಿನ ಕೀಲಿ ಹೊಡೆದಾಗ ಕ್ಯಾರೇಜು ಸರಿಯಬಾರದು. ನಮ್ಮದರಲ್ಲಿ ಸರಿಯುತ್ತಿತ್ತು. ರಿಪೇರಿಯವನನ್ನು ಮತ್ತೆ ಕರೆಸಿದೆ.

"ಹೌದು ಸಾಮಿ. ಎಲ್ಲ ಕೀಲಿನೂ ಕ್ಯಾರೇಜು ಓಡಿಸ್ತಿದ್ವು, ಇವು ಕೆಲವು ಮಾತ್ರ ಸೋಮಾರಿ ಬಿದ್ದಿದ್ವು. ಎಬ್ಬಿಸೀನಿ."

"ಅವು ಸೋಮಾರಿಗಳಾಗೇ ಇರಬೇಕು. ಮೊದಲಿದ್ದ ಹಾಗೆ ಮಾಡು."

ಅವನು ಗೊಣಗುತ್ತ ಬಿಚ್ಚಿದ. "ಸರಿ ಹೋಗಿರೋದನ್ನ ಕೆಡಿಸು ಅಂತ ನನ್ನ ಜನ್ಮದಾಗೆ ಯಾರೂ ಕೇಳಿರ್ಲಿಲ್ಲ."

೫. ದುರ್ಗದಲ್ಲಿ ಪರೀಕ್ಷೆ

ಹೊರಡುವ ಹಿಂದಿನ ದಿನ ಇನ್ನೊಂದು ಯಡವಟ್ಟು. ಸಾಲು ಮುಗಿಯುವಾಗ ಬಾರಿಸುವ ಪುಟ್ಟ ಗಂಟೆ ಸೀಳಿಹೋಯಿತು. ರಿಪೇರಿಯವನು ನನ್ನ ಮೇಜಿನ ಮೇಲಿದ್ದ, ಕಚೇರಿಗಳಲ್ಲಿ ಜವಾನರನ್ನು ಕರೆಯಲು ತಟ್ಟುವಂಥ ಗಂಟೆಯನ್ನೇ ಬಿಚ್ಚಿ ಅಲ್ಲಿ ಕೂರಿಸಿದ. ನಾದ ಚೆನ್ನಾಗಿತ್ತು.

ಚಿತ್ರದುರ್ಗದ ಪರೀಕ್ಷೆಯ ಹಾಲಿನಲ್ಲಿ ಎಲ್ಲರೂ ತಮ್ಮ ತಮ್ಮ ಯಂತ್ರಗಳ ಮುಂದೆ ಕೂತಿದ್ದರು. ಟೈಪಿಂಗ್ ಶಾಲೆಗಳ ಮೇಷ್ಟ್ರುಗಳು ನಾವು ಹೊರಗೆ ಕಿಟಕಿ ಹಿಡಿದು ನಿಂತಿದ್ದೆವು. ಗಂಟೆ ಬಾರಿಸಿದರೆ ಶುರು, ಮತ್ತೆ ಬಾರಿಸಿದರೆ ನಿಲ್ಲಿಸಬೇಕು. ಮೇಲ್ವಿಚಾರಕರು ಮೇಜಿನ ಗಂಟೆ ತಟ್ಟಿದರು: ಟಣ್. ಹಾಲು ತುಂಬ ಆಲಿಕಲ್ಲು ಬಿದ್ದಂತೆ ಸದ್ದು ಶುರುವಾಯಿತು.

ನಮ್ಮ ಹೆಣ್ಣುಮಗಳ ಮೊದಲ ಸಾಲು ಮುಗಿಯುತ್ತ ಬಂತು. ಟಣ್. ಥೇಟ್ ಅದೇ ಸದ್ದು. ಇಡೀ ಹಾಲು ಕೀಲಿಗಳಿಂದ ಕೈ ತೆಗೆಯಿತು. ಆಕೆಯೊಬ್ಬರೇ ತಲೆ ಎತ್ತದೆ ಹೊಡೆಯುತ್ತಿದ್ದರು.

"ಯಾಕ್ರಿ ನಿಲ್ಸಿದ್ರಿ? ನಾನು ಬಾರಿಸಿಲ್ಲ, ಹೊಡೀರಿ" ಎಂದರು ಮೇಲ್ವಿಚಾರಕರು.

ಎರಡನೆಯ ಸಾಲು. ಟಣ್. ಮತ್ತೆ ನಿಲ್ಲಿಸಿದರು.

"ನಾನಲ್ಲ ಅಂದ್ನಲ್ಲ, ಗಂಟೆ ಕಡೆ ಕಿವಿ ಕೊಡಬ್ಯಾಡ್ರಿ."

ನನ್ನ ಪಕ್ಕದಲ್ಲಿದ್ದ ಭರಮಸಾಗರದ ಮೇಷ್ಟ್ರು ಹಲ್ಲು ಕಡಿದರು. "ಯಾರದ್ರಿ ಆ ದರಿದ್ರ ಮಿಷನ್ನು? ನಮ್ಮ ಹುಡುಗ್ರು ಮೊದಲೇ ನಿಧಾನ."

ನಾನು ಕೋಟೆಯ ಬೆಟ್ಟ ನೋಡುತ್ತ ನಿಂತೆ.

ಆಮೇಲೆ ಗಂಟೆಗೆ ಯಾರೂ ಸೊಪ್ಪು ಹಾಕಲಿಲ್ಲ. ಸಮಯ ಮುಗಿಯುವ ಮೊದಲೇ ನಮ್ಮ ಹೆಣ್ಣುಮಗಳು ಹಾಳೆ ಕಿತ್ತು ಕೈ ಕಟ್ಟಿ ಕೂತರು. ಸಮಯವಾಯಿತು. ಮೇಲ್ವಿಚಾರಕರು ಗಂಟೆ ತಟ್ಟಿದರು. ಯಾರೂ ನಿಲ್ಲಿಸಲಿಲ್ಲ. ಮತ್ತೆ ತಟ್ಟಿದರು. ಇನ್ನೂ ಜೋರಾಗಿ ಹೊಡೆದರು. ಕೊನೆಗೆ ಮೇಜು ಬಿಟ್ಟು ಹಾಲಿನ ನಡುವೆ ಬಂದು ಎರಡೂ ಕೈ ಎತ್ತಿದರು. "ಸಾಕು ಬಿಡ್ರಪ್ಪ. ಈಗ ಬಾರಿಸಿದ್ದು ನಾನೇ." ಅಷ್ಟರಲ್ಲಿ ನಿಧಾನದವರೂ ಕೊನೆಯ ಸಾಲು ಮುಗಿಸಿದ್ದರು.

ಫಲಿತಾಂಶ ಬಂತು. ಆಕೆ ಪಾಸಾದರು, ಕೆಲಸ ಖಾಯಂ ಆಯಿತು. ಅದಾದ ಕೆಲವೇ ದಿನಕ್ಕೆ ಭರಮಸಾಗರದ ಮೇಷ್ಟ್ರು ನಮ್ಮ ಶಾಲೆಯ ಬಾಗಿಲಲ್ಲಿ ನಿಂತಿದ್ದರು. ಯಂತ್ರ ನಮ್ಮದೆಂದು ಹೇಗೋ ತಿಳಿದು ಜಗಳಕ್ಕೇ ಬಂದರೆಂದು ಎದ್ದು ನಿಂತೆ.

ಅವರು ಆಚೀಚೆ ನೋಡಿ, ದನಿ ತಗ್ಗಿಸಿ ಕೇಳಿದರು: "ನಮ್ಮ ಹುಡುಗ್ರು ಅಷ್ಟೂ ಜನ ಪಾಸಾಗ್ಯಾರೆ. ಆ ಗಂಟೆ ಎಲ್ಲಿ ಸಿಗ್ತೈತೆ ಹೇಳ್ರಿ, ನಮ್ಮ ಎಲ್ಲಾ ಮಿಷನ್ನಿಗೂ ಹಾಕಿಸಿಬಿಡ್ತೀನಿ."