ಒಂದು ಹೆಣ ಕಡಿಮೆ

ಬೆಳಗಿನ ಚಿತ್ರೀಕರಣಕ್ಕೆ ಒಂದು ಹೆಣ ಕಡಿಮೆ ಬಿದ್ದಿತು.

ಊರಾಚೆಯ ಬೀಳು ಹೊಲದಲ್ಲಿ ಯುದ್ಧದ ಸಿನಿಮಾದ ಮೊದಲ ದೃಶ್ಯ ತೆಗೆಯುವುದಿತ್ತು. ಸತ್ತ ಸೈನಿಕರಾಗಿ ಮಲಗಲು ಒಪ್ಪಿದ್ದವರಲ್ಲಿ ಒಬ್ಬನಿಗೆ ಹಲ್ಲುನೋವು ಹತ್ತಿಕೊಂಡು, ನರಳುವ ಹೆಣ ಬೇಡವೆಂದು ಅವನನ್ನು ಮನೆಗೆ ಕಳಿಸಿದ್ದರು. ನಿರ್ದೇಶಕ ಸುತ್ತ ನೆರೆದವರ ಮೇಲೆ ಕಣ್ಣಾಡಿಸಿದ. ಕಣ್ಣು ಹಾಸಿಗೆಯವನ ಮೇಲೆ ನಿಂತಿತು.

ಹಾಸಿಗೆಯವನೆಂದರೆ ಊರಿಗೆಲ್ಲ ಹತ್ತಿ ಹಿಂಜಿ ಹಾಸಿಗೆ ತುಂಬಿಕೊಡುವವನು. ತಲೆಯಲ್ಲಿ, ಹುಬ್ಬಿನಲ್ಲಿ ಸದಾ ಹತ್ತಿಯ ಎಳೆ ಕೂತು, ಹರೆಯದಲ್ಲೇ ಮುದುಕನಾದವನ ಹಾಗೆ ಕಾಣುತ್ತಿದ್ದ. ಅವನು ಅಲ್ಲಿಗೆ ಬಂದದ್ದು ಹೆಣವಾಗಲು ಅಲ್ಲ. ಮರುದಿನದ ದೃಶ್ಯದಲ್ಲಿ ಅವನಿಗೆ ಸೈನ್ಯದ ಅಡುಗೆಯವನ ಪಾತ್ರವಿತ್ತು. ಒಂದು ಮಾತೂ ಇತ್ತು. ಸೌಟು ಹಿಡಿದು ಬಂದು ಅಧಿಕಾರಿಯನ್ನು ಕೇಳಬೇಕು: "ಸಾಹೇಬ್ರೇ, ಶತ್ರುಗಳು ಬರೋದು ಊಟಕ್ಕೆ ಮುಂಚೆನಾ, ಆಮೇಲಾ?"

ಇಡೀ ಸಿನಿಮಾದಲ್ಲಿ ನಗುವಿದ್ದದ್ದು ಅದೊಂದೇ ಕಡೆ. ಆ ಮಾತನ್ನು ಹೇಳಿ ಹೇಳಿ ಅವನು ಆಗಲೇ ಊರನ್ನೆಲ್ಲ ನಗಿಸಿದ್ದ. ನಗದೆ ಉಳಿದವಳು ಅವನ ಮನೆಯಲ್ಲೇ ಇದ್ದ ಅತ್ತೆ ಒಬ್ಬಳೇ. ಮದುವೆಯಾದಂದಿನಿಂದ ಅಳಿಯನ ಒಂದು ಮಾತಿಗೂ ಆಕೆ ಹಲ್ಲು ತೋರಿಸಿರಲಿಲ್ಲ. "ಪರದೆ ಮೇಲೆ ಹೇಳಿ ಅಳಿಯಂದ್ರೇ, ನಗು ಬಂದ್ರೆ ನಕ್ಕರಾಯ್ತು," ಎಂದಿದ್ದಳು. ಅವನು ಕಾಯುತ್ತಿದ್ದುದು ಆ ನಗುವಿಗೆ.

"ನಾಳೆ ಮಾತಾಡಬೇಕಾದೋನು ನಾನು. ಇವತ್ತು ಹ್ಯಾಗೆ ಸಾಯ್ಲಿ ಸಾರ್?" ಎಂದು ಹಾಸಿಗೆಯವ ಹಿಂಜರಿದ.

"ಬೋರಲು ಮಲಗ್ರಿ. ಯಾರ ಹೆಣ ಅಂತ ಯಾರಿಗೆ ಗೊತ್ತಾಗುತ್ತೆ?" ಎಂದ ನಿರ್ದೇಶಕ. ಆಮೇಲೆ ಎಲ್ಲ ಹೆಣಗಳನ್ನೂ ಕೂರಿಸಿಕೊಂಡು ತಿಳಿಹೇಳಿದ: "ಯುದ್ಧದ ಸಿನಿಮಾ ಗುಂಡಿನ ಸದ್ದಿಂದ ಶುರುವಾದ್ರೆ ಜನ ಸೀಟಿ ಹೊಡೀತಾರೆ, ಕೊನೇವರೆಗೂ ಹೊಡೀತಾನೇ ಇರ್ತಾರೆ. ನಮ್ಮದು ಸದ್ದೇ ಇಲ್ಲದ ಹೊಲದಿಂದ ಶುರು. ಯುದ್ಧ ಮುಗಿದಿದೆ, ಗಾಳಿ ಬೀಸ್ತಿದೆ, ಅಷ್ಟೆ. ಆಮೇಲೆ ಕತೆ ಹಿಂದಕ್ಕೆ ಹೋಗುತ್ತೆ. ಇದನ್ನ ನೋಡಿದೋರಿಗೆ ಮುಂದೆ ಒಂದು ಬಾಗಿಲು ಬಡಿದ್ರೂ ಎದೆ ಝಲ್ ಅನ್ನಬೇಕು."

"ಬರೀ ಮಲಗೋದಕ್ಕೆ ಇಷ್ಟೊಂದಾ?" ಎಂದಿತು ಒಂದು ಹೆಣ.

ಹಾಸಿಗೆಯವ ಸಮವಸ್ತ್ರ ತೊಟ್ಟು ಮಣ್ಣಿಗೆ ಮುಖವಿಟ್ಟು ಮಲಗಿದ. ಬದುವಿನ ಮೇಲೆ ಊರು ಸಾಲಾಗಿ ಕೂತಿತ್ತು.

"ಯಾವುದಯ್ಯ ನಮ್ಮೋನು? ಎಲ್ಲಾ ಬೆನ್ನೇ ಕಾಣ್ತಿದೆ," ಎಂದ ಪಕ್ಕದ ಮನೆಯ ದರ್ಜಿ.

"ಪ್ಯಾಂಟು ಬಿಗಿಯಾಗಿರೋದೇ ಅವನು. ಸ್ವಲ್ಪ ಈ ಕಡೆ ತಿರುಗೋ, ಪುಣ್ಯಾತ್ಮ!" ಎಂದಳು ಹಾಲು ಮಾರುವವಳು.

"ಸದ್ದು!" ಎಂದು ನಿರ್ದೇಶಕ ಗದರಿದ. ಊರು ಬಾಯಿ ಮುಚ್ಚಿತು. ಕ್ಯಾಮೆರಾ ಓಡತೊಡಗಿತು.

ಆಗ ಹಾಲಿನವಳ ಎಮ್ಮೆ ಹಗ್ಗ ಎಳೆದುಕೊಂಡು ಹೊಲಕ್ಕಿಳಿಯಿತು. ಎಮ್ಮೆಗೆ ಯುದ್ಧದ ಗೊಡವೆ ಇರಲಿಲ್ಲ. ದಿನವೂ ಹತ್ತಿಬೀಜ ತಿಂದು ಬೆಳೆದ ಅದಕ್ಕೆ ಹತ್ತಿಬೀಜದ ವಾಸನೆ ಬಡಿದಿತ್ತು. ಒಂದೊಂದೇ ಹೆಣವನ್ನು ದಾಟುತ್ತಾ, ಅವಸರವಿಲ್ಲದೆ, ನೆಂಟರ ಮನೆ ಹುಡುಕಿಕೊಂಡು ಬಂದ ಹಿರಿಯಳ ಹಾಗೆ ನಡೆದು ಬಂದು ಹಾಸಿಗೆಯವನ ಬಳಿ ನಿಂತಿತು. ಕತ್ತು ಮೂಸಿತು. ಮೂತಿಯಿಂದ ನೂಕಿ ಅವನನ್ನು ಅಂಗಾತ ಹೊರಳಿಸಿತು. ಕೆನ್ನೆ, ಹುಬ್ಬು, ಹಣೆ ನೆಕ್ಕತೊಡಗಿತು.

ಮಲಗುವುದನ್ನು ಅರೆದು ಕುಡಿದವನು ಹಾಸಿಗೆಯವ. ಹೊಸ ಹಾಸಿಗೆಯ ಗಂಟುಗಳನ್ನು ಮೈಯಿಂದಲೇ ಪರೀಕ್ಷಿಸುವವನು. ರೆಪ್ಪೆಯೂ ಅಲುಗಲಿಲ್ಲ. ಎಮ್ಮೆ ಒಮ್ಮೆ ತಲೆಯೆತ್ತಿ ಸದ್ದಿಲ್ಲದ ಹೊಲ ನೋಡಿತು. ಮತ್ತೆ ಬಗ್ಗಿ ನೆಕ್ಕಿತು.

ಬದುವಿನ ಮೇಲೆ ಯಾರೋ ಬಿಕ್ಕಿದರು. ಅವನ ಅತ್ತೆ! ಬಾಯಿಗೆ ಸೆರಗು ತುರುಕಿಕೊಂಡು ಆಕೆ ಗಡಗಡ ನಡುಗುತ್ತಿದ್ದಳು.

"ಕಟ್!" ಎಂದ ನಿರ್ದೇಶಕನ ಕಣ್ಣೂ ಒದ್ದೆಯಾಗಿತ್ತು. ಓಡಿ ಬಂದು, ಎಮ್ಮೆಯ ಜೊಲ್ಲನ್ನೂ ಲೆಕ್ಕಿಸದೆ ಹಾಸಿಗೆಯವನನ್ನು ತಬ್ಬಿಕೊಂಡ. "ಇದೇ ರೀ! ಸಿನಿಮಾ ಶುರುವಾಗೋದೇ ಈ ಮುಖದಿಂದ!"

ಹಾಸಿಗೆಯವ ಹಿಗ್ಗಿ ಹೀರೇಕಾಯಿಯಾದ. ಮರುಗಳಿಗೆಗೆ ಏನೋ ನೆನಪಾಗಿ ಸೊರಗಿದ. "ನಾಳೆ ನನ್ನ ಮಾತು, ಸಾರ್?"

"ಸತ್ತಿದ್ದೀರಲ್ರೀ."

"ಕತೆ ಹಿಂದಕ್ಕೆ ಹೋಗುತ್ತೆ ಅಂದ್ರಲ್ಲ! ಆಗ ಬದುಕಿರ್ತೀನಿ. ಅಡುಗೆಯವನೇ ಕೊನೇಲಿ ಸತ್ತ ಅಂತ ಮಾಡ್ಕೊಳ್ಳಿ."

ನಿರ್ದೇಶಕ ಗಡ್ಡ ಕೆರೆದುಕೊಂಡ. "ಅದೂ ಸರಿಯೇ. ಎಲ್ಲಿ, ಇವರ ಮುಂದೆ ಒಂದ್ಸಲ ಹೇಳಿ."

ಹಾಸಿಗೆಯವ ಬದುವಿನ ಮುಂದೆ ನಿಂತ. ಗಂಟಲು ಸರಿಮಾಡಿಕೊಂಡ. ಅತ್ತೆಯ ಮುಖವನ್ನೇ ನೋಡುತ್ತಾ, ಹುಬ್ಬು ಕುಣಿಸಿ, ತನ್ನ ಹಳೆಯ ವರಸೆಯಲ್ಲೇ ಕೇಳಿದ: "ಸಾಹೇಬ್ರೇ, ಶತ್ರುಗಳು ಬರೋದು ಊಟಕ್ಕೆ ಮುಂಚೆನಾ, ಆಮೇಲಾ?"

ಯಾರೂ ನಗಲಿಲ್ಲ. ದರ್ಜಿ ಮೂಗೊರೆಸಿಕೊಂಡ. "ಉಂಡೇ ಹೋಗಿದ್ನೋ ಇಲ್ವೋ, ಪಾಪ," ಎಂದು ಹಾಲಿನವಳು ಮುಖ ತಿರುಗಿಸಿದಳು. ಅತ್ತೆ ಬಿಕ್ಕಳಿಸಿ ಅಳತೊಡಗಿದಳು.

"ನೋಡಿದ್ರಾ?" ಎಂದ ನಿರ್ದೇಶಕ. ಅವನ ದನಿಯಲ್ಲಿ ಮರುಕವಿತ್ತು. ಗೆದ್ದ ಸಂತೋಷವೂ ಇತ್ತು. "ಮೊದಲ ದೃಶ್ಯ ಅಂದ್ರೆ ಇದು. ಇನ್ನು ನೀವು ಏನು ಹೇಳಿದ್ರೂ ಯಾರೂ ನಗಲ್ಲ."

ಸೌಟು ದರ್ಜಿಯ ಪಾಲಾಯಿತು.

ಅಷ್ಟಕ್ಕೇ ಮುಗಿದಿದ್ದರೆ ಹಾಸಿಗೆಯವ ತಡೆದುಕೊಳ್ಳುತ್ತಿದ್ದ. ಮನೆಯ ದಾರಿಯಲ್ಲಿ ಟೀ ಅಂಗಡಿಯವನನ್ನು ಎಂದಿನಂತೆ, "ಇದು ಟೀನೋ, ಲೋಟ ತೊಳೆದ ನೀರೋ?" ಎಂದು ಕೆಣಕಿದ. ಟೀ ಅಂಗಡಿಯವ ತಿರುಗಿ ಬೈಯಲಿಲ್ಲ. "ಕುಡೀರಿ ಅಣ್ಣ, ಇನ್ನೊಂದು ಹಾಕ್ತೀನಿ," ಎಂದು ಮೆಲ್ಲಗೆ ಹೇಳಿದ. ಎದುರು ಬಂದವರು ದನಿ ತಗ್ಗಿಸಿ ದಾರಿ ಬಿಟ್ಟರು.

ಸಂಜೆ ಮನೆಯಲ್ಲಿ ಅವನು ಕೇಳದೆಯೇ ಹೆಂಡತಿ ಸ್ನಾನಕ್ಕೆ ನೀರು ಕಾಯಿಸಿದಳು. ತಟ್ಟೆಗೆ ಬಿಸಿ ಅನ್ನ ಹಾಕಿದ್ದು ಸ್ವತಃ ಅತ್ತೆ. ಎಂದೂ ಇಲ್ಲದ ಉಪಚಾರ. ಹಾಕುತ್ತಾ ಅವನ ತಲೆ ಸವರಿದಳು.

ಹಾಸಿಗೆಯವನಿಗೆ ತಾಳ್ಮೆ ತಪ್ಪಿತು. ತಟ್ಟೆ ಬದಿಗೆ ಸರಿಸಿ ಎದ್ದು ನಿಂತು ಕಿರುಚಿದ: "ಅತ್ತೆ! ನನಗೇನೂ ಆಗಿಲ್ಲ! ಗಟ್ಟಿಮುಟ್ಟಾಗಿದ್ದೀನಿ! ನಾನು ಸತ್ತಿಲ್ಲ!"

ಅತ್ತೆ ಸೆರಗಿನಿಂದ ಕಣ್ಣೊತ್ತಿಕೊಂಡು ಮಗಳ ಕಡೆ ತಿರುಗಿದಳು.

"ನಿಮ್ಮಪ್ಪನೂ ಹೋಗೋ ದಿನ ಹಿಂಗೇ ಕೂಗಾಡಿದ್ರು ಕಣೇ."