ವೈರಿಗೆ ಸೈಡು ಕೊಟ್ಟ ಭಾವ

ಯುದ್ಧದ ಆಟದಲ್ಲಿ ಗುಂಡು ಹಾರಿಸಲಿಲ್ಲವೆಂಬ ಅಪರಾಧಕ್ಕಾಗಿ ನನ್ನ ಭಾವನವರನ್ನು ಚಳ್ಳಕೆರೆಯ ಒಂದು ವಿಡಿಯೋ ಗೇಮ್ ಅಂಗಡಿಯಿಂದ ಹೊರಗೆ ಹಾಕಲಾಯಿತು. ಹಾಕಿದವರು ಮರೆತಿರಬಹುದು. ಮರೆಯುವ ಅಭ್ಯಾಸ ನನಗಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಮೊಳಕಾಲ್ಮೂರು-ಚಳ್ಳಕೆರೆ ನಡುವೆ ಖಾಸಗಿ ಬಸ್ಸು ಓಡಿಸಿ ನಿವೃತ್ತರಾದವರು. ಆದರೆ ಆ ಸುದ್ದಿ ಅವರ ಕೈಕಾಲುಗಳಿಗೆ ಇನ್ನೂ ತಲುಪಿರಲಿಲ್ಲ! ಅಕ್ಕ ಹಿಂದಿನಿಂದ ಸಾರು ತಂದರೆ, ಕುಳಿತಲ್ಲೇ ಎಡಕ್ಕೆ ಸರಿದು, ಕೈಬೀಸಿ ದಾರಿ ಬಿಡುತ್ತಿದ್ದರು. ಇಂಥವರ ಕೈಗೆ ಯುದ್ಧವಿಮಾನ ಕೊಡಬಹುದೇ?

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ಅವರ ಒಬ್ಬನೇ ಮಗ ಗಡಿಯಲ್ಲಿ ಸೇನೆಯ ಲಾರಿ ಓಡಿಸುತ್ತಿದ್ದ. ಅಲ್ಲಿ ಯುದ್ಧ, ಇಲ್ಲಿಗೆ ಕಾಗದ ಬರುವುದು ನಿಂತು ಮನೆ ಮಂಕಾಗಿತ್ತು. ಎಣ್ಣೆ ತರುವ ನೆಪದಲ್ಲಿ ಭಾವ ನನ್ನನ್ನೂ ಎಳೆದುಕೊಂಡು ಚಳ್ಳಕೆರೆಗೆ ಹೊರಡುವರು. ನೇರ ಆ ಅಂಗಡಿಗೆ!

ಪರದೆಯ ತುಂಬ ನೀಲಿ ಸಮುದ್ರ. ಎದುರಿನಿಂದ ವೈರಿ ವಿಮಾನಗಳು. ಎಲ್ಲವನ್ನೂ ದಾಟಿದರೆ ಕೊನೆಗೊಂದು ಹಡಗು; ಅದರ ಮೇಲೆ ಇಳಿಯಬೇಕು. ಭಾವನ ಹಂಬಲವೆಲ್ಲ ಆ ಇಳಿಯುವುದೊಂದೇ.

"ತಾತ, ಗುಂಡಿ ಒತ್ರೀ! ಎದುರಿಗೆ ಬರ್ತಾ ಐತೆ, ಹೊಡೀರಿ!" ಎಂದು ಕಾಲೇಜು ಹುಡುಗರು ಕೂಗುವರು.

"ಎದುರಿಗೆ ಬಂದ ಗಾಡಿಗೆ ಸೈಡು ಕೊಡ್ಬೇಕೋ, ಹೊಡೀಬೇಕೋ? ಯಾವನಲೇ ನಿಂಗೆ ಲೈಸೆನ್ಸ್ ಕೊಟ್ಟೋನು?"

ಒಮ್ಮೆ ಹಾರನ್ನೆಂದು ತಿಳಿದು ಗುಂಡಿ ಒತ್ತಿಯೇಬಿಟ್ಟರು. ಎದುರಿನ ವಿಮಾನ ಚೂರಾಯಿತು. ಭಾವ ಬೆವೆತುಹೋಗಿ, "ಅಯ್ಯೋ, ಒಳಗೆ ಜನ ಇದ್ರೇನಪ್ಪಾ?" ಎಂದು ನನ್ನನ್ನೇ ಕೇಳಿದರು!

ನಾನು ಎಣ್ಣೆ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದೆ. ಒಬ್ಬ ಹುಡುಗ ನನ್ನನ್ನು ತೋರಿಸಿ, "ಲೇ, ಇವ್ರು ತಾತನ ಕ್ಲೀನರ್ರೇನೋ?" ಎಂದ. ಜೀವಮಾನವೆಲ್ಲ ವ್ಯಾಕರಣ ಕಲಿಸಿದವನು ನಾನು! ಅವನ ಅಂಗಿಯ ಬಣ್ಣ ಈಗಲೂ ನೆನಪಿದೆ.

ಹೊರಗೆ ಹಾಕಿಸಿಕೊಂಡ ದಿನ ಭಾವ ಒಂದೂ ಗುಂಡು ಹಾರಿಸದೆ ಎಲ್ಲರಿಗೂ ದಾರಿ ಬಿಡುತ್ತ ಸಾಗಿದ್ದರು. ಕೊನೆಗೂ ಹಡಗು ಕಾಣಿಸಿತು.

"ಏಳ್ರೀ ಯಜಮಾನ್ರೇ, ಹೊಡೆಯಾಂಗಿಲ್ಲ, ಸಾಯಾಂಗಿಲ್ಲ! ಒಂದು ಬಿಲ್ಲೆ ಹಾಕಿ ಲೋಕ ಸುತ್ತುತೀರಾ?" ಎಂದ ಅಂಗಡಿಯಾತ.

"ಇರಪ್ಪ, ಸ್ಟ್ಯಾಂಡು ಕಾಣ್ತಾ ಐತೆ. ಇಳಿಸಿ ಬಂದೆ."

ಆತ ಸ್ವಿಚ್ಚು ಆರಿಸಿದ. ಸಮುದ್ರ ಕಪ್ಪಾಯಿತು. ಭಾವನ ರಟ್ಟೆ ಹಿಡಿದು ಬೀದಿಗೆ ಬಿಟ್ಟ. ಹುಡುಗರು ಚಪ್ಪಾಳೆ ತಟ್ಟಿದರು.

ಊರಿಗೆ ಮರಳುವ ಬಸ್ಸು ತಳಕು ದಾಟಿತು. ಆಮೇಲೆ ಭಾವ ಕಿಟಕಿಯತ್ತ ಮುಖ ಮಾಡಿಕೊಂಡೇ ಹೇಳಿದರು:

"ಯಾರ್ಗೂ ತಾಗಿಸ್ದಂಗೆ ಅದೊಂದು ಇಳಿಸಿದ್ರೆ, ನಮ್ಮ ಹುಡುಗನೂ ಹಂಗೇ ಬಂದು ಇಳೀತಾನೆ ಅಂತ ಮನಸ್ನಾಗೆ ಅಂದ್ಕೊಂಡಿದ್ದೆ ಕಣಪ್ಪ. ನಿಮ್ಮಕ್ಕಂಗೆ ಹೇಳ್ಬೇಡ."

ಮಗ ಮುಂದೆ ರಜೆಗೆ ಬಂದ, ನಿಜ. ಆದರೆ ಅವನ ಕಾಗದ ಕೈ ಸೇರುವವರೆಗೆ ಆ ಮನುಷ್ಯ ದಿನವೂ ಮೊಳಕಾಲ್ಮೂರಿನ ನಿಲ್ದಾಣದಲ್ಲಿ ನಿಂತು, ಪ್ರತಿ ಬಸ್ಸಿನಿಂದ ಇಳಿಯುವ ಕೊನೆಯ ಪ್ರಯಾಣಿಕನ ಮುಖವನ್ನೂ ನೋಡಿ ಮನೆಗೆ ಬರುತ್ತಿದ್ದರು.

ಸ್ವಿಚ್ಚಿನ ಮೇಲೆ ಕೈಯಿಟ್ಟವರೇ, ಹಡಗು ನಿಮ್ಮ ಕಣ್ಣಿಗೂ ಕಾಣುತ್ತಿತ್ತಲ್ಲ. ಅವರು ಇಳಿಸುವಷ್ಟು ಹೊತ್ತು ನಿಮ್ಮ ಕೈ ಏಕೆ ತಾಳಲಿಲ್ಲ?