ಬೆಟ್ಟದ ಮೇಲೆ ಹೆಣ್ಣು ನೋಡುವ ಶಾಸ್ತ್ರ

ನಾನು ಹೋದ ಕಡೆಯೆಲ್ಲ ಏನಾದರೊಂದು ಆಗುತ್ತೆ ಅಂತ ನಮ್ಮ ರಸ್ತೆಯವರು ಹೇಳ್ತಾರೆ. ಅದು ಶುದ್ಧ ಸುಳ್ಳು. ಏನಾದರೂ ಆಗೋ ವಾಸನೆ ಬಂದ ಕಡೆಗೇ ನಾನು ಹೋಗೋದು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು, ವಿನೋಬನಗರದಲ್ಲಿ ನಲವತ್ತು ವರ್ಷದಿಂದ ಇದ್ದೀನಿ. ಯಾರ ಮನೆ ಬಾಗಿಲು ಯಾಕೆ ಅರ್ಧ ತೆಗೆದಿದೆ ಅಂತ ಹೇಳೋಕೆ ಡಿಗ್ರಿ ಬೇಕಾ?

ಈ ಸಲ ಆಗಿದ್ದು ಬೆಟ್ಟದ ಮೇಲೆ. ನನ್ನ ತಂಗಿ ಇರೋದು ಭದ್ರಾವತಿಯ ಜನ್ನಾಪುರದಲ್ಲಿ. ಅವಳ ಮಗಳು ಶಿವಮೊಗ್ಗದ ಒಂದು ಕ್ಲಿನಿಕ್ಕಿನಲ್ಲಿ ರಕ್ತ ತೆಗೆಯೋ ಕೆಲಸದಲ್ಲಿದ್ದಾಳೆ, ಅದಕ್ಕೇ ನನ್ನ ಮನೆಯಲ್ಲೇ ವಾಸ. ಭಾನುವಾರ ಬಂತು ಅಂದರೆ ಚೀಲ ಏರಿಸಿಕೊಂಡು ಯಾವುದಾದರೂ ಗುಡ್ಡಕ್ಕೆ. ಹತ್ತಿದ ಮೇಲೆ ಏನು ಮಾಡ್ತೀಯೇ ಅಂದರೆ, ಇಳೀತೀನಿ ದೊಡ್ಡಮ್ಮ ಅನ್ನುತ್ತಾಳೆ. ಇಳಿಯೋಕೇ ಆದರೆ ಹತ್ತೋದು ಯಾಕೆ ಅನ್ನೋದು ನನಗೆ ಇವತ್ತಿಗೂ ತಿಳಿದಿಲ್ಲ.

ವಯಸ್ಸು ಮೂವತ್ತಮೂರು. ಒಂಬತ್ತು ಗಂಡು ಮನೆಗೆ ಬಂದು ಕೇಸರಿಬಾತು ತಿಂದು ಹೋಗಿದ್ದರು. ಹತ್ತನೆಯವನು ಬರ್ತಾನೆ ಅಂದಾಗ ಇವಳು ಕಾಫಿ ತಟ್ಟೆ ಹಿಡಿಯೋದೇ ಇಲ್ಲ ಅಂತ ಕೂತಳು. ಸೋಫಾ ಮೇಲೆ ಕೂತವರೆಲ್ಲ ಒಳ್ಳೆಯವರಾಗೇ ಕಾಣ್ತಾರೆ, ನನ್ನನ್ನ ನೋಡಬೇಕು ಅನ್ನೋರು ಬೆಟ್ಟಕ್ಕೆ ಬರಲಿ ಅಂದಳು. ತಂಗಿ ಒಂದು ದಿನ ಅತ್ತು, ಮಾರನೇ ದಿನ ಒಪ್ಪಂದಕ್ಕೆ ಬಂದಳು. ಮೂರು ಬೆಟ್ಟ, ಮೂರು ಗಂಡು. ಮೂರರಲ್ಲೂ ಕುದುರದಿದ್ದರೆ ಬಾಯಿ ಮುಚ್ಚಿಕೊಂಡು ರವೀಂದ್ರನಗರದ ಸಂಬಂಧಕ್ಕೆ ಒಪ್ಪಬೇಕು.

ಬಂದು ಹೋದ ಒಂಬತ್ತರಲ್ಲಿ ರವೀಂದ್ರನಗರದ್ದು ದೊಡ್ಡ ಮನೆ, ಒಬ್ಬನೇ ಮಗ. ಹುಡುಗಿ ಆಯ್ತು ಅಂತ ತಾಯಿಗೆ ಮಾತು ಕೊಟ್ಟಳು. ಆಮೇಲೆ ನನ್ನ ಹತ್ತಿರ ಬಂದು, "ದೊಡ್ಡಮ್ಮ, ಕಾಫಿಗೆ ಸಕ್ಕರೆ ಬೇಕಾ ಅಂತ ಕೇಳಿದ್ದಕ್ಕೆ ಅವನು ಅವರಮ್ಮನ ಮುಖ ನೋಡಿದ. ಜೀವಮಾನ ಪೂರ್ತಿ ಅದನ್ನೇ ನೋಡ್ಕೊಂಡು ಕೂರ್ಲಾ?" ಅಂದಳು. ಕಣ್ಣು ತುಂಬಿತ್ತು. ನನಗೂ ಸಂಕಟವಾಯ್ತು. ಹಾಗಂತ ಮನೆಯಲ್ಲಿ ಕೂರೋಕಾಗುತ್ತಾ? ಹಿರಿಯರು ಅಂತ ಒಬ್ಬರು ಜೊತೆಗಿರಬೇಕಲ್ಲ. ಮಂಡಿ ಬೇಡ ಅಂತು, ಕಿವಿ ಹೋಗೋಣ ಅಂತು. ಹೊರಟೆ.

೧. ಗುರುತು

ಮೊದಲನೆಯದು ಭದ್ರಾವತಿ ಕಡೆಯ ಒಂದು ಸಣ್ಣ ಗುಡ್ಡ, ತುದಿಯಲ್ಲಿ ಗುಡಿ. ಗಂಡಿನ ತಾಯಿ ಫೋನ್ ಮಾಡಿ, ಅಷ್ಟು ಜನರಲ್ಲಿ ನಿಮ್ಮ ಹುಡುಗಿನ ಗುರುತು ಹಿಡಿಯೋದು ಹೇಗೆ ಅಂತ ಕೇಳಿದರು. ಪ್ಯಾಂಟು, ಟೋಪಿ, ಬೆನ್ನಿಗೊಂದು ಚೀಲ, ಕೈಯಲ್ಲೊಂದು ಕೋಲು ಅಂತ ಹೇಳಿದೆ. ನಮ್ಮ ಕಾಲದಲ್ಲಿ ಅಂಥ ವೇಷದವಳು ಜಿಲ್ಲೆಗೆ ಒಬ್ಬಳಿದ್ದರೆ ಹೆಚ್ಚು.

ನಮ್ಮ ಬಸ್ಸು ತಡವಾಯ್ತು. ಹೋಗಿ ನೋಡಿದರೆ ಗುಡ್ಡದ ತುಂಬ ಅದೇ ವೇಷ. ಯಾವುದೋ ಕಾಲೇಜಿನವರು ದಂಡು ಕಟ್ಟಿಕೊಂಡು ಬಂದಿದ್ದರು.

ಗಂಡಿನ ಕಡೆಯವರು ಹನ್ನೊಂದು ಜನ. ಹೆಂಗಸರೆಲ್ಲ ರೇಷ್ಮೆ ಸೀರೆ ಉಟ್ಟು, ಹಣ್ಣಿನ ತಟ್ಟೆ ಹಿಡಿದು, ಒಂದು ಕೈಯಲ್ಲಿ ನೆರಿಗೆ ಎತ್ತಿಕೊಂಡು ಅರ್ಧ ಗುಡ್ಡ ಹತ್ತಿದ್ದರು. ನಾವು ಏದುಸಿರು ಬಿಡ್ತಾ ಅಲ್ಲಿಗೆ ಮುಟ್ಟೋ ಹೊತ್ತಿಗೆ ಮರದ ನೆರಳಲ್ಲಿ ಒಂದು ಹುಡುಗಿನ ಕೂರಿಸಿಕೊಂಡು ಸುತ್ತ ಕೂತಿದ್ದಾರೆ. ಆ ಹುಡುಗಿ ದೇವರನಾಮ ಹಾಡ್ತಾ ಇದೆ. ಮುಡಿಗೆ ಮಲ್ಲಿಗೆ, ಹಣೆಗೆ ಕುಂಕುಮ. ಗಂಡು ತಲೆ ತಗ್ಗಿಸಿ ನಗ್ತಾ ಇದ್ದಾನೆ. ಅಡುಗೆ ಬರುತ್ತಾ ಅಂತ ಕೇಳಿದ್ದಕ್ಕೆ ನೀರು ಕಾಯಿಸೋಕೆ ಬರುತ್ತೆ ಅಂದಳಂತೆ, ಎಷ್ಟು ವಿನಯ ನೋಡಿ ಅಂತ ಅತ್ತೆಯಾಗೋರು ಹಿಗ್ಗಿ ಹೋಗಿದ್ದರು.

ನಾನು ನಡುವೆ ನುಗ್ಗಿ, ನಮ್ಮ ಹುಡುಗಿ ಇವಳು ಅಂತ ತೋರಿಸಿದೆ. ಇವಳೋ ಬೆವರಿ ಮುಖ ಕೆಂಪಗೆ ಮಾಡಿಕೊಂಡು ನಿಂತಿದ್ದಳು. ಆ ತಾಯಿ ಇವಳನ್ನು ನೋಡಿದರು, ಅವಳನ್ನು ನೋಡಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಬೇಜಾರು ಮಾಡ್ಕೋಬೇಡಿ, ಹೂ ಮುಡಿಸಿ ಆಗಿದೆ, ನಮಗೆ ಈ ಹುಡುಗಿನೇ ಇರಲಿ ಅಂದರು.

ಈ ಗುಡ್ಡಕ್ಕೆ ಮೊದಲು ಹತ್ತಿದವರಿಗೆ ಹೀಗೆ ಮರ್ಯಾದೆ ಮಾಡೋ ಪದ್ಧತಿ ಇರಬೇಕು ಅಂದುಕೊಂಡಿದ್ದಳಂತೆ ಆ ಹುಡುಗಿ. ವಿಷಯ ತಿಳಿದ ಮೇಲೆ ಎದ್ದು ನಿಂತು ಕೇಳಿದಳು: "ಆಂಟಿ, ನನಗೆ ಮುಂದಿನ ವಾರ ಪರೀಕ್ಷೆ ಇದೆ. ಹೂವು ವಾಪಸ್ ಕೊಡ್ಲಾ, ಇಟ್ಕೊಳ್ಲಾ?"

೨. ರೀ

ಎರಡನೆಯದು ಕೊಡಚಾದ್ರಿ. ಗಂಡು ಶಿವಮೊಗ್ಗದವನೇ, ಸಾಲು ಹಲ್ಲಿನ ಚಂದದ ಹುಡುಗ. ಜೊತೆಗೆ ಅವನ ಅಣ್ಣ, ಅತ್ತಿಗೆ. ಜೀಪಿನಲ್ಲಿ ಮೈಯೆಲ್ಲ ಹಣ್ಣು ಮಾಡಿಕೊಂಡು ಹೋಗಿ, ಅಲ್ಲಿಂದ ತುದಿಗೆ ನಡೆಯಬೇಕು. ಸಣ್ಣ ಮಳೆ ಇತ್ತು. ಎಲ್ಲರೂ ಅಲ್ಲೇ ಮಾರ್ತಿದ್ದ ಒಂದೇ ಥರದ ನೀಲಿ ಪ್ಲಾಸ್ಟಿಕ್ ಕೋಟು ಕೊಂಡು ಹಾಕಿಕೊಂಡೆವು. ಅರ್ಧ ದಾರಿಯಲ್ಲಿ ಮಂಜು ಕವಿಯಿತು ನೋಡಿ, ನನ್ನ ಕೈ ನನಗೆ ಕಾಣದು.

ಗಂಡು ಫೋಟೋ ತೆಗೀತೀನಿ ಅಂತ ಮುಂದೆ ಹೋಗಿದ್ದ. ಅವನ ಅತ್ತಿಗೆಗೆ ತನ್ನ ಗಂಡ ಎಲ್ಲಿದ್ದಾನೆ ಅಂತ ಗಾಬರಿಯಾಗಿ, "ರೀ" ಅಂತ ಕೂಗಿದಳು.

ಮಂಜಿನೊಳಗಿಂದ ಆರು ಗಂಡಸರು "ಹಾಂ" ಅಂದರು.

ಗಂಡನ ಹೆಸರು ಹಿಡಿದು ಕೂಗೋದು ಅವಳಿಗೆ ಅಭ್ಯಾಸವಿಲ್ಲ. ಹತ್ತಿರದ ಹಾಂ ಯಾವುದೋ ಅದರ ನೀಲಿ ತೋಳು ಗಟ್ಟಿಯಾಗಿ ಹಿಡಿದುಕೊಂಡು ನಡೆಯೋಕೆ ಶುರು ಮಾಡಿದಳು. ನಡೀತಾ ನಡೀತಾ ಬೈಗಳ ಸುರಿಮಳೆ. ನಿಮ್ಮ ತಮ್ಮನಿಗೆ ತರೀಕೆರೆಯಲ್ಲಿ ಒಬ್ಬಳು ಇದ್ದಾಳೆ, ಎರಡು ವರ್ಷ ಆಯ್ತು. ಅತ್ತೆಗೆ ಹೇಳೋ ಧೈರ್ಯ ಅವನಿಗೂ ಇಲ್ಲ, ನಿಮಗೂ ಇಲ್ಲ. ಏನೋ ಒಂದು ನೆಪ ಹೇಳಿ ಬೇಡ ಅನ್ನೋಕೆ, ಪಾಪದ ಈ ಹುಡುಗಿನ ಯಾಕೆ ಬೆಟ್ಟ ಹತ್ತಿಸ್ತೀರಿ? ನಿಮ್ಮ ಮನೆ ಗಂಡಸರೇ ಹೀಗೆ, ಅಮ್ಮ ಕೆಮ್ಮಿದರೆ ಮೂರು ದಿನ ಬೆವರ್ತೀರಿ.

ನಾನೂ ನಮ್ಮ ಹುಡುಗಿಯೂ ಅವರ ಬೆನ್ನಿಗೇ ಇದ್ದೆವು. ಹುಡುಗಿ ನಿಂತುಬಿಟ್ಟಳು. ನಾನು ಅವಳ ಕೈ ಹಿಡಿದು ಎಳೆದುಕೊಂಡು ಹೋದೆ. ಮುಂದಿನ ಮಾತು ತಪ್ಪಿ ಹೋದರೆ? ಅತ್ತೆಯ ಬಂಗಾರದ ವಿಷಯ, ಹಿರಿ ಓರಗಿತ್ತಿ ಮಾಡಿಸಿಕೊಂಡ ಹಲ್ಲಿನ ಸೆಟ್ಟಿನ ವಿಷಯ, ಎಲ್ಲ ಬಂತು. ಕಾಲು ಗಂಟೆ ನನ್ನ ಮಂಡಿ ನೋಯಲೇ ಇಲ್ಲ.

ಒಂದು ಗಾಳಿ ಬೀಸಿ ಮಂಜು ಸರಿಯಿತು. ಅವಳು ಹಿಡಿದಿದ್ದು ಹುರಿ ಮೀಸೆಯ ಯಾರದೋ ತೋಳು. ಅವಳು ಕಿರುಚಿ ಕೈ ಬಿಟ್ಟಳು. ಗೊತ್ತಾದ ತಕ್ಷಣ ಹೇಳಬಾರದಿತ್ತಾ ಅಂತ ನಾನು ಆ ಮನುಷ್ಯನನ್ನು ದಬಾಯಿಸಿದೆ. ಅವನು ಕೈ ಮುಗಿದ. "ದಾವಣಗೆರೆಯವನು ನಾನು. ನನ್ನ ಹೆಂಡ್ತಿನೂ ದಿನಾ ಇದನ್ನೇ ಹೇಳ್ತಾಳಮ್ಮ. ಇವಳೇ ಅವಳು ಅಂದ್ಕೊಂಡೆ."

೩. ಮಾತು ಸುತ್ತಿ ಬಂದದ್ದು

ಎರಡು ಗಂಡು ಮುಗಿಯಿತು. ಹುಡುಗಿ ಮಾತು ಕಡಿಮೆ ಮಾಡಿದಳು. ಜನ್ನಾಪುರದಿಂದ ತಂಗಿ ದಿನಕ್ಕೆರಡು ಸಲ ಫೋನ್ ಮಾಡಿ, ರವೀಂದ್ರನಗರದವರು ಎಷ್ಟು ಒಳ್ಳೆಯವರು ಅಂತ ಸುಮ್ಮನೆ ನೆನಪು ಮಾಡ್ತಿದ್ದಳು.

ಕೊಡಚಾದ್ರಿಯ ಸಂಗತಿ ಯಾರಿಗೂ ಹೇಳಬೇಡ ದೊಡ್ಡಮ್ಮ ಅಂತ ಹುಡುಗಿ ಆಣೆ ಹಾಕಿಸಿದ್ದಳು. ನಾನು ಹೇಳಲಿಲ್ಲ. ಎದುರು ಮನೆಯವಳಿಗೆ ಮಾತ್ರ ಹೇಳಿದೆ, ಅವಳು ಹೊಟ್ಟೆಯಲ್ಲಿ ಇಟ್ಟುಕೊಳ್ತಾಳೆ ಅಂತ. ಅದೂ ಹೆಸರು ಎತ್ತದೆ, ಯಾರೋ ಒಬ್ಬ ಹೆಂಗಸು ಮಂಜಿನಲ್ಲಿ ದಾವಣಗೆರೆಯ ಯಾರದೋ ಗಂಡನ ತೋಳು ಹಿಡಿದಳು ಅಂತಷ್ಟೇ.

ನಾಲ್ಕು ದಿನ ಬಿಟ್ಟು ಹೂವಿನವಳು ಮೊಳ ಹಾಕ್ತಾ ಹಾಕ್ತಾ ನನ್ನನ್ನೇ ಒಂಥರಾ ನೋಡಿದಳು. ಏನೇ ಅಂದೆ. ಏನಿಲ್ಲ ಅಂದಳು. ಮತ್ತೂ ನೋಡಿದಳು. ಬಿಡದೆ ಕೇಳಿದೆ. ಅವಳು ಬುಟ್ಟಿ ಕೆಳಗಿಟ್ಟು, ದನಿ ಇಳಿಸಿ ಹೇಳಿದಳು: "ಅಲ್ಲಾ ಅಜ್ಜಿ, ದಾವಣಗೆರೆಯವನೇ ಬೇಕಿತ್ತಾ ನಿಮಗೆ? ಶಿವಮೊಗ್ಗದಲ್ಲಿ ಯಾರೂ ಇರ್ಲಿಲ್ವಾ?"

೪. ಕೈ

ಮೂರನೆಯದು ಕವಲೇದುರ್ಗ. ಗಂಡು ಭದ್ರಾವತಿಯವನು, ಸ್ವಂತ ಲೇತ್ ಮಷಿನ್ ಇಟ್ಟುಕೊಂಡು ಕೆಲಸ ಮಾಡೋನು. ವಯಸ್ಸು ಮೂವತ್ತಾರು. ಅವನ ತಂದೆ ಒಬ್ಬರೇ ಜೊತೆಗೆ ಬಂದಿದ್ದರು. ಇದು ಕೊನೆಯದು ಅಂತ ನನ್ನ ತಂಗಿಯೂ ಖುದ್ದಾಗಿ ಬಂದಳು.

ಬಂದವನೇ ಆ ಹುಡುಗ, ನನಗೆ ಎತ್ತರ ಅಂದರೆ ಭಯ, ಮೊದಲೇ ಹೇಳಿಬಿಡ್ತೀನಿ ಅಂದ. ಮತ್ತೆ ಯಾಕೆ ಬಂದಿರಿ ಅಂತ ಹುಡುಗಿ ಕೇಳಿದಳು. ನೀವು ಇಲ್ಲಿಗೇ ಬರಬೇಕು ಅಂದಿರಲ್ಲ ಅಂದ. ಹುಡುಗಿ ನಕ್ಕಿದ್ದನ್ನು ನಾನು ನೋಡಿದೆ, ತಂಗಿ ನೋಡಲಿಲ್ಲ.

ತಂಗಿಗೂ ಗಂಡಿನ ತಂದೆಗೂ ಹತ್ತೋಕೆ ಆಗಲ್ಲ. ಇಬ್ಬರೂ ಕೆಳಗೆ ಅಂಗಡಿಯ ಬೆಂಚಿನಲ್ಲಿ ಮಜ್ಜಿಗೆ ಕುಡೀತಾ ಕೂತರು. ನಾನು ಕಲ್ಲಿನ ದಾರಿಯಲ್ಲಿ, ಕೋಟೆಯ ಬಾಗಿಲು ದಾಟಿ ಬಾಗಿಲು ದಾಟಿ ಮೇಲಿನ ದೇವಸ್ಥಾನದ ಜಗಲಿವರೆಗೆ ಹೋಗಿ ಕೂತೆ. ಅಲ್ಲಿಂದಾಚೆ ಬರೀ ಬಂಡೆ, ತುದಿಯಲ್ಲೊಂದು ಚಿಕ್ಕ ಗುಡಿ. ಅವರಿಬ್ಬರೂ ಅದನ್ನು ಹತ್ತೋಕೆ ಹೊರಟರು. ಜಗಲಿಯಿಂದ ನನಗೆ ಎಲ್ಲಾ ಕಾಣ್ತಿತ್ತು. ಕಾಣೋ ಜಾಗ ನೋಡಿಯೇ ಕೂತಿದ್ದೆ.

ಹುಡುಗ ನಾಲ್ಕು ಕಾಲಿನ ಪ್ರಾಣಿಯ ಹಾಗೆ ಹತ್ತಿದ, ಒಂದು ಸಲವೂ ಕೆಳಗೆ ನೋಡಲಿಲ್ಲ. ಊರಿನ ಗುಡ್ಡವೆಲ್ಲ ಹತ್ತಿದ ನಮ್ಮ ಹುಡುಗಿಯ ಬೂಟಿನ ಅಟ್ಟೆ ಅರ್ಧ ಬಂಡೆಯಲ್ಲಿ ಕಿತ್ತು ಬಾಯಿ ಬಿಟ್ಟಿತು. ಮೇಲೂ ಇಲ್ಲ, ಕೆಳಗೂ ಇಲ್ಲ. ಹುಡುಗ ಮೇಲಿನಿಂದ ಕೈ ಚಾಚಿದ. ಇವಳು ಬೇಡ ಅಂತ ತಲೆ ಆಡಿಸಿದಳು. ಅವನು ಕೈ ಹಿಂದಕ್ಕೆ ತೆಗೆದು ಅಲ್ಲೇ ಬಂಡೆಗೆ ಅಂಟಿಕೊಂಡು ಕೂತ. ಸ್ವಲ್ಪ ಹೊತ್ತಾದ ಮೇಲೆ ಇವಳೇ ಏನೋ ಕೇಳಿದಳು. ಅವನು ಮತ್ತೆ ಕೈ ಕೊಟ್ಟ, ಇವಳು ಹಿಡಿದು ಹತ್ತಿದಳು.

ಇಂಥ ಸುದ್ದಿ ಬಾಯಲ್ಲಿ ಇಟ್ಟುಕೊಂಡು ಕೂರೋಕಾಗುತ್ತಾ? ತಂಗಿಗೆ ಫೋನ್ ಮಾಡಿದೆ. ಮಗಳು ಬಂಡೆಯಲ್ಲಿ ಸಿಕ್ಕಿಕೊಂಡಿದ್ದಳು, ಹುಡುಗ ಕೈ ಕೊಟ್ಟ, ಈಗ ಇಬ್ಬರೂ ಮೇಲೆ ಕೂತಿದ್ದಾರೆ ಅಂತ ನಾನು ಹೇಳಿದ್ದು. ಆ ಕಾಡಿನ ನೆಟ್‌ವರ್ಕು ತಲೆಯನ್ನೂ ಕಡಿದು ಬಾಲವನ್ನೂ ಕಡಿದು ಕೆಳಗೆ ಮುಟ್ಟಿಸಿದ್ದು ನಡುವಿನ ಮೂರು ಮಾತು: ಹುಡುಗ ಕೈ ಕೊಟ್ಟ.

ತಂಗಿ ಮಜ್ಜಿಗೆ ಲೋಟ ಕೆಳಗಿಟ್ಟು ಪಕ್ಕದಲ್ಲಿದ್ದ ಗಂಡಿನ ತಂದೆಯ ಕಡೆ ತಿರುಗಿದಳಂತೆ. ನಿಮ್ಮ ಮಗ ಹೀಗಾ, ಅರ್ಧ ಬೆಟ್ಟದಲ್ಲಿ ಹೆಣ್ಣುಮಗಳಿಗೆ ಕೈ ಕೊಡೋದಾ, ಬೇಡ ಅನ್ನೋದನ್ನ ಕೆಳಗೆ ಬಂದು ಮರ್ಯಾದೆಯಾಗಿ ಹೇಳೋಕೆ ಆಗ್ತಿರಲಿಲ್ವಾ ಅಂತ. ಅವರು ಕಂಗಾಲಾಗಿ ಮಗನಿಗೆ ಫೋನ್ ಹಚ್ಚಿದರು. ತುದಿಯಲ್ಲಿ ನೆಟ್‌ವರ್ಕು ಗಂಟೆ ಬಾರಿಸಿದ ಹಾಗೆ ಇತ್ತು.

"ಏನೋ, ಆ ಹುಡುಗಿಗೆ ಕೈ ಕೊಟ್ಯಂತೆ?"

"ಹೂಂ ಅಪ್ಪ, ಕೊಟ್ಟೆ. ಮೊದಲು ಬೇಡ ಅಂದ್ರು. ಆಮೇಲೆ ಅವರೇ ಕೈ ಕೊಡಿ ಅಂತ ಕೇಳಿದ್ರು."

ಈಗ ತಂದೆಗೆ ಸಿಟ್ಟು ಬಂತು. ನಿಮ್ಮ ಮಗಳೇ ಬಾಯಿ ಬಿಟ್ಟು ಕೈ ಕೊಡಿ ಅಂತ ಕೇಳಿದ್ದಾಳೆ, ಎತ್ತರ ಕಂಡರೆ ನಡುಗೋ ಹುಡುಗನನ್ನ ಅಷ್ಟು ಮೇಲೆ ಹತ್ತಿಸಿ ಈ ಮಾತು ಹೇಳಬೇಕಿತ್ತಾ ಅಂತ ಶುರು ಮಾಡಿದರು. ಅಂಗಡಿಯವನಿಗೆ ಯಾರು ಯಾರಿಗೆ ಏನು ಕೊಟ್ಟರು ಅಂತ ತಿಳಿಯದೆ, ಇಬ್ಬರಿಗೂ ಇನ್ನೊಂದೊಂದು ಲೋಟ ಮಜ್ಜಿಗೆ ಕೊಟ್ಟನಂತೆ.

ತಂಗಿ ಅಷ್ಟಕ್ಕೆ ನಿಲ್ಲಲಿಲ್ಲ. ಮೂರೂ ಮುಗಿಯಿತು ಅಂತ ಅಲ್ಲಿಂದಲೇ ರವೀಂದ್ರನಗರದ ತಾಯಿಗೆ ಫೋನ್ ಮಾಡಿ, ನಮ್ಮ ಕಡೆಯಿಂದ ಒಪ್ಪಿಗೆ, ಬುಧವಾರ ಎಲೆ ಅಡಿಕೆ ಬದಲಾಯಿಸೋಣ ಅಂತ ಮಾತಾಡ್ತಾ ಇದ್ದಾಳೆ. ಆಗ ನಾವು ಮೂವರೂ ಇಳಿದು ಬಂದೆವು. ಹುಡುಗಿ ಕಿತ್ತ ಬೂಟನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಆ ಹುಡುಗನ ಕೈ ಹಿಡಿದು ಕುಂಟ್ತಾ ಇದ್ದಳು.

ತಂಗಿ ಫೋನ್ ಕಿವಿಯಿಂದ ಇಳಿಸಿದಳು, ಆಫ್ ಮಾಡೋದು ಮರೆತಳು.

"ಏನೇ, ಇವರಿಗೆ ಕೈ ಕೊಡಿ ಅಂದ್ಯಂತೆ?"

"ಹೂಂ ಅಮ್ಮ."

"ಅವರು ಕೊಟ್ರಂತೆ?"

"ಕೊಟ್ರು. ಬಿಡೋದು ಬೇಡ ಅಂತ ಮೇಲೆ ಕೂತು ಮಾತಾಡ್ಕೊಂಡ್ವಿ."

ಗಂಡಿನ ತಂದೆ ಮಗನ ಕೈ ನೋಡಿದರು, ಹುಡುಗಿಯ ಕೈ ನೋಡಿದರು, ಆಮೇಲೆ ಬೆಂಚಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗೋಕೆ ಶುರು ಮಾಡಿದರು. ತಂಗಿಗೆ ಅಳು ಬಂತು, ನಗುವೂ ಬಂತು, ಎರಡಕ್ಕೂ ಒಂದೇ ಸೆರಗು. ಫೋನಿನೊಳಗಿಂದ ರವೀಂದ್ರನಗರದ ತಾಯಿ ಹಲೋ ಹಲೋ, ಏನಾಯ್ತ್ರೀ ಅಲ್ಲಿ, ಬುಧವಾರ ಎಷ್ಟೊತ್ತಿಗೆ ಬರೋದು ಅಂತ ಕೂಗ್ತಾನೇ ಇದ್ದರು. ಏನು ಹೇಳಲಿ ಅಕ್ಕ ಅಂತ ತಂಗಿ ಫೋನನ್ನು ನನ್ನ ಕೈಗೆ ತುರುಕಿದಳು.

ನನಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಕಣ್ಣೆದುರು ಕಂಡದ್ದನ್ನು ಕಂಡ ಹಾಗೆ ಹೇಳಿದೆ.

"ಏನಿಲ್ಲ ಕಣ್ರೀ. ನಮ್ಮ ಹುಡುಗಿ ಕೈ ಕೊಟ್ಟಳು."